ಬಟಾಣಿಯ ಅಂಗಿ ಒಗೆಯುವ ವಿಚಾರ

ಫೆಬ್ರುವರಿ ೯

ಪೂಜ್ಯ ಮಾವನವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಕ್ಷೇಮವಾಗಿದ್ದಿದ್ದರೆ ನಾನು ನಿಮಗೆ ಕಾಗದ ಬರೆಯುತ್ತಿರಲಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಫೋನ್ ಯಾಕೆ ಮಾಡಲಿಲ್ಲ ಎಂದರೆ ಅದು ನಿಮ್ಮ ಮಗಳ ಆಜ್ಞೆ. "ನೀವಿಬ್ಬರು ಬಾಯಿ ಬಿಟ್ಟರೆ ಎರಡನೇ ನಿಮಿಷಕ್ಕೆ ಜಗಳ. ಏನಿದ್ರೂ ಬರ್ಕೊಳ್ಳಿ. ಪೆನ್ನು ಹಿಡಿದಾಗಲಾದ್ರೂ ಗಂಡಸರಿಗೆ ಸ್ವಲ್ಪ ಮರ್ಯಾದೆ ಬರುತ್ತೆ" ಎಂದಿದ್ದಾಳೆ. ನಾನು ಪೆನ್ನು ಹಿಡಿದಿದ್ದೇನೆ. ಮರ್ಯಾದೆ ಬಂದಿದೆಯೋ ಇಲ್ಲವೋ ನೀವೇ ನೋಡಿ ಹೇಳಬೇಕು.

ವಿಷಯಕ್ಕೆ ಬರುತ್ತೇನೆ. ಜನವರಿ ಹದಿನಾರರ ಬೆಳಿಗ್ಗೆ ನೀವು ನಮ್ಮ ಮನೆಯಿಂದ ತಿಂಡಿಯನ್ನೂ ತಿನ್ನದೆ ಹೊರಟುಹೋದಿರಿ. ಹಿಂದಿನ ದಿನ ನಾನು "ಇನ್ಮೇಲೆ ಪಾಪು ಬಟ್ಟೆ ನೀವು ಮುಟ್ಟಬೇಡಿ" ಎಂದಿದ್ದು ನಿಜ. ಅಲ್ಲಗಳೆಯುವುದಿಲ್ಲ. ಆವತ್ತು ನನ್ನ ತಲೆ ಓಡಿದ್ದು ಹೀಗೆ: ನಮ್ಮ ಪಾಪು ಬಟಾಣಿಯ ಕತ್ತಿನ ಹಿಂದೆ, ಸೊಂಟದ ಮೇಲೆ ಕೆಂಪು ದದ್ದು ಎದ್ದಿವೆ. ಮಗು ಕೆರೆದುಕೊಳ್ಳಲು ಕೈ ಎಟುಕದೆ ಅಳುತ್ತದೆ. ನೀವು ನವೆಂಬರಿನಲ್ಲಿ ಬಂದು ಅವಳ ಬಟ್ಟೆ ಒಗೆಯಲು ಶುರು ಮಾಡಿದ ಮೇಲೇ ಇದು ಶುರುವಾದದ್ದು. ಹಾಗಾದರೆ ಮಾವ ಹೋದರೆ ದದ್ದು ಹೋಗುತ್ತದೆ.

ಮಾವ ಹೋಗಿ ಇಪ್ಪತ್ತನಾಲ್ಕು ದಿನವಾಯಿತು. ದದ್ದು ಇಲ್ಲೇ ಇದೆ.

ಚರ್ಮದ ಡಾಕ್ಟರಮ್ಮ ಒಂದು ಮುಲಾಮು ಕೊಟ್ಟು, "ಬಟ್ಟೆ ಒಗೆಯೋ ಡಿಟರ್ಜೆಂಟ್ ಬದಲಾಯಿಸಿ, ಸೂಕ್ಷ್ಮ ಚರ್ಮಕ್ಕೆ ಅಂತಲೇ ಸಿಗುತ್ತಲ್ಲ, ಅದನ್ನ ತನ್ನಿ" ಎಂದರು. ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಗಡಿಯಾರದ ಹೊಟ್ಟೆಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಬಿದ್ದರೂ ಹುಡುಕಿ ತೆಗೆಯುವವನು ನಾನು, ಒಂದು ಡಿಟರ್ಜೆಂಟ್ ಹುಡುಕಲಾರೆನೇ ಎಂದು ಅಂಗಡಿಗೆ ಹೋದೆ. ಡಿಟರ್ಜೆಂಟ್ ಸಾಲಿನ ಮುಂದೆ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದೆ. (ಅಂಗಡಿಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ. ಅದನ್ನೂ ಸೇರಿಸಿ ಹೇಳುತ್ತಿದ್ದೇನೆ.) ಪುಡಿ, ದ್ರವ, ಬಾಯಿಗೆ ಹಾಕಿಕೊಳ್ಳಬೇಕು ಅನಿಸುವಂಥ ಬಣ್ಣಬಣ್ಣದ ಗುಳಿಗೆ. ಒಂದರ ಮೇಲೆ ಹಕ್ಕಿಯ ಗರಿ, ಒಂದರ ಮೇಲೆ ಕುರಿಮರಿ. ಇನ್ನೊಂದರ ಮೇಲೆ ನಗುತ್ತಿರುವ ಒಂದು ಕೂಸು. ಆ ಕೂಸಿಗೆ ಬಟ್ಟೆಯನ್ನೇ ಹಾಕಿರಲಿಲ್ಲ, ಅದಕ್ಕೆ ದದ್ದು ಎಲ್ಲಿಂದ ಬರಬೇಕು? "ಚರ್ಮತಜ್ಞರು ಪರೀಕ್ಷಿಸಿದ್ದು" ಎಂದು ಐದರ ಮೇಲಿತ್ತು. ಪರೀಕ್ಷಿಸಿದರು, ಸರಿ. ಪಾಸಾಯಿತು ಎಂದು ಒಂದರ ಮೇಲೂ ಇರಲಿಲ್ಲ.

ನೀವು ಮೂವತ್ತೊಂದು ವರ್ಷ ದೊಡ್ಡ ಹೋಟೆಲಿನ ಲಾಂಡ್ರಿ ನಡೆಸಿದವರು. ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಯಾವುದನ್ನು ತರಲಿ ಎಂದು ಒಂದು ಸಾಲು ಬರೆಯಿರಿ. ಇದನ್ನು ಕೇಳಲು ನನಗೆ ಕಷ್ಟವಾಗಲಿಲ್ಲ ಎಂದು ನೀವು ತಿಳಿಯಬಾರದು.

ಇಂತಿ ನಿಮ್ಮ ಅಳಿಯ


ಫೆಬ್ರುವರಿ ೨೦

ಅಳಿಯಂದ್ರಿಗೆ ಆಶೀರ್ವಾದ.

ಕಾಗದ ತಲುಪಿತು. ಮೂರು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು, ಎರಡನೇ ಸಲ ನಗು ಬಂತು, ಮೂರನೇ ಸಲ ಕನ್ನಡಕ ಹಾಕ್ಕೊಂಡು ಓದಿದೆ.

ಯಾವುದನ್ನು ತರಲಿ ಅಂತ ಕೇಳಿದ್ದೀರಿ. ಈಗ ನಾನು ಹೇಳೋದನ್ನ ನಿಮ್ಮಲ್ಲೇ ಇಟ್ಕೊಳ್ಳಿ, ಹೋಟ್ಲಿನೋರ ಕಿವಿಗೆ ಬಿದ್ರೆ ನನ್ನ ಮಾನ ಹೋಗುತ್ತೆ. ನಂಗೆ ಗೊತ್ತಿಲ್ಲ.

ಹೌದು ಅಳಿಯಂದ್ರೇ. ಲಾಂಡ್ರಿಗೆ ಸೋಪು ಡ್ರಮ್ಮಿನಲ್ಲಿ ಬರ್ತಿತ್ತು. ನೀಲಿ ಡ್ರಮ್ಮು, ನನ್ನ ಎದೆಮಟ್ಟ. ಮುಚ್ಚಳ ಬಿಚ್ಚೋದು, ಮಗ್ಗಲ್ಲಿ ಮೊಗೆಯೋದು, ಮಿಷನ್ನಿಗೆ ಸುರಿಯೋದು. ಒಳಗೇನಿದೆ ಅಂತ ಕೇಳಿದೋರು ಯಾರು? ಹಾಸಿಗೆ ಬಟ್ಟೆ ಬೆಳ್ಳಗಾಗ್ತಿತ್ತು, ಮ್ಯಾನೇಜರು ಬೆನ್ನು ತಟ್ತಿದ್ರು, ನಾನು ಎದೆ ಉಬ್ಬಿಸ್ತಿದ್ದೆ. ಮನೆಗೆ ಸೋಪು ತರ್ತಿದ್ದೋಳು ನಿಮ್ಮತ್ತೆ. ಏನು ತರ್ತಿದ್ಲೋ, ಒಂದು ದಿನಾನೂ ಕೇಳ್ಲಿಲ್ಲ. ಈಗ ಕೇಳೋಣ ಅಂದ್ರೆ ಅವಳಿಲ್ಲ.

ಗೊತ್ತಿಲ್ಲ ಅಂತ ಬರೆಯೋಕೆ ನಾಚಿಕೆ ಆಗಿ, ಮೊದ್ಲು ನಾನೇ ನಮ್ಮ ಬೀದಿ ಕೊನೆ ಅಂಗಡಿಗೆ ಹೋಗಿ ನಿಂತೆ. ನೀವು ಹೇಳಿದ ಗರಿ, ಕುರಿಮರಿ, ಬಟ್ಟೆ ಇಲ್ಲದ ಕೂಸು, ಎಲ್ಲ ಇಲ್ಲೂ ಇದಾವೆ. ಒಂದು ಡಬ್ಬಿ ಮೇಲೆ "ವಾಸನೆ ಇಲ್ಲದ್ದು" ಅಂತ ಇದೆ. ಪಕ್ಕದ್ದರ ಮೇಲೆ "ಸುಗಂಧ ಸೇರಿಸದ್ದು" ಅಂತ ಇದೆ. ಎರಡೂ ಒಂದೇ ಅಲ್ವೇನಮ್ಮಾ ಅಂದೆ. ಅಂಗಡಿ ಹೆಣ್ಮಗಳು, "ಇಲ್ಲ ತಾತ, ಮೊದಲನೇದರಲ್ಲಿ ವಾಸನೆ ಮುಚ್ಚೋಕೆ ಇನ್ನೊಂದು ಏನೋ ಹಾಕಿರ್ತಾರೆ, ಎರಡನೇದರಲ್ಲಿ ಏನೂ ಹಾಕಿರಲ್ಲ" ಅಂದ್ಲು. ವಾಸನೆ ಇಲ್ಲದ ಹಾಗೆ ಮಾಡೋಕೆ ವಾಸನೆ ಹಾಕ್ತಾರಂತೆ! ತಲೆ ಗಿರ್ ಅಂತು. ಬರಿಗೈಲಿ ಬರೋಕೆ ಮುಜುಗರ ಆಗಿ ಒಂದು ಬಕೆಟ್ ತಗೊಂಡು ಬಂದೆ. ಮನೇಲಿ ಆಗ್ಲೇ ಮೂರಿದಾವೆ.

ನನ್ನ ಕೈಯಿಂದಾನೇ ಮಗೂಗೆ ಹಾಗಾಯ್ತಾ? ಇದೊಂದೇ ತಲೇಲಿ ಕೊರೀತಾ ಇದೆ. ನಂಗೆ ಬರೋದು ಒಗೆಯೋದೊಂದೇ. ಹಾಡೋಕೆ ಬರಲ್ಲ, ಕತೆ ಹೇಳೋಕೆ ಬರಲ್ಲ. ಅವಳಿಗೆ ಅಂತ ನಾನು ಮಾಡಬಹುದಾದ್ದು ಅದೇ ಇತ್ತು.

ಜೂನ್ ಒಂದಕ್ಕೆ ನನ್ನ ಮಗಳ ರಜೆ ಮುಗಿದು ಅವಳು ಆಸ್ಪತ್ರೆ ಎಕ್ಸ್‌ರೇ ರೂಮಿನ ಕೆಲಸಕ್ಕೆ ವಾಪಸ್ ಹೋಗಬೇಕಲ್ಲ? ಆಗ ಬಟಾಣಿನ ನಾನು ನೋಡ್ಕೋಬೇಕು ಅಂತ ಮಾತಾಗಿತ್ತು. ಈಗ ಯಾರು ನೋಡ್ಕೋತಾರೆ? ಸುಮ್ನೆ ಕೇಳಿದೆ.

ಇಂತಿ
ಮಾವ


ಮಾರ್ಚ್ ೪

ಪೂಜ್ಯ ಮಾವನವರಿಗೆ,

ನಮಸ್ಕಾರ. ನಿಮಗೂ ಗೊತ್ತಿಲ್ಲ ಎಂದು ಓದಿ ನನಗಾದ ಆಘಾತವನ್ನು ಏನೆಂದು ಬಣ್ಣಿಸಲಿ! ಮದುವೆಯಾದ ದಿನದಿಂದ ಬಟ್ಟೆಯ ವಿಷಯದಲ್ಲಿ ನಿಮ್ಮ ಎದುರು ಬಾಯಿ ತೆರೆಯದೆ ಬದುಕಿದ್ದೇನೆ. ನನ್ನ ಅಂಗಿಯ ಕಾಲರು ನೋಡಿ ನೀವು "ಹುಂ" ಎಂದ ಆ ಒಂದು "ಹುಂ"ಗೆ ನಾನು ಮೂರು ಅಂಗಿ ಬಿಸಾಕಿದ್ದೇನೆ. ಈಗ ಹೇಳುತ್ತೀರಿ, ನೀಲಿ ಡ್ರಮ್ಮು ಎಂದು.

ಇರಲಿ. ಗೊತ್ತಿಲ್ಲದವರು ಇಬ್ಬರಾದರೆ ಧೈರ್ಯ ಬರುತ್ತದೆ. ನಿಮ್ಮ ಉತ್ತರ ಕಾಯುತ್ತಲೇ ನಾನು ಶಾಸ್ತ್ರೋಕ್ತವಾಗಿ ಕೆಲಸ ಆರಂಭಿಸಿದ್ದೆ. ಅಡುಗೆಮನೆ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೇನೆ. ಎಡಗಡೆ ಡಿಟರ್ಜೆಂಟಿನ ನಂಬರು, ಬಲಗಡೆ ದದ್ದಿನ ಸ್ಥಿತಿ. ದದ್ದಿನ ಬಣ್ಣಕ್ಕೆ ಐದು ದರ್ಜೆ: ತಿಳಿಗುಲಾಬಿ, ಗುಲಾಬಿ, ಕೆಂಪು, ಕಡುಕೆಂಪು, ಡಾಕ್ಟರು. ಒಂದನೇ ನಂಬರಿನ ಪುಡಿ, ಆರು ದಿನ: ಕೆಂಪು. ಎರಡನೇ ನಂಬರಿನ ಕುರಿಮರಿ ದ್ರವ, ಒಂದು ವಾರ: ಗುಲಾಬಿ. ನಾನು ಕುಣಿದಾಡಿದೆ. ಎಂಟನೇ ದಿನ: ಕಡುಕೆಂಪು. ಕುಣಿದದ್ದು ವ್ಯರ್ಥವಾಯಿತು. ಮೂರನೆಯದರ ಅಳತೆ ಮುಚ್ಚಳ ಎಷ್ಟು ದೊಡ್ಡದೆಂದರೆ ಅದರಲ್ಲಿ ಬಟಾಣಿಗೆ ಸ್ನಾನ ಮಾಡಿಸಬಹುದು. ಡಾಕ್ಟರಮ್ಮ, "ಮುಚ್ಚಳ ತುಂಬಾ ಹಾಕಬೇಡಿ, ಅರ್ಧ ಸಾಕು, ಎರಡು ಸಲ ಜಾಲಿಸಿ, ಮೆತ್ತಗಾಗೋಕೆ ಅಂತ ಕೊನೇಲಿ ಹಾಕ್ತಾರಲ್ಲ, ಆ ನೀರು ಬೇಡವೇ ಬೇಡ" ಎಂದರು. ಅರ್ಧ ಹಾಕಿದೆ, ಎರಡರ ಬದಲು ನಾಲ್ಕು ಸಲ ಜಾಲಿಸಿದೆ. ಕೆಂಪು.

ನಿಮ್ಮ ಮಗಳು ಪಟ್ಟಿ ನೋಡಿ, "ಮಗು ಮೈನ ಗಡಿಯಾರ ಅಂದ್ಕೊಂಡಿದ್ದೀರಾ, ಬಿಚ್ಚಿ ಜೋಡಿಸೋಕೆ?" ಎನ್ನುತ್ತಾಳೆ. ಬಿಚ್ಚಿ ಜೋಡಿಸಲು ಬರುವಂತಿದ್ದರೆ ಎಂದೋ ಸರಿ ಮಾಡಿರುತ್ತಿದ್ದೆ, ಮಾವ. ನಿನ್ನೆ ಬಟಾಣಿಯ ಅಂಗಿ ಬಿಚ್ಚುವಾಗ ಬಟ್ಟೆ ದದ್ದಿಗೆ ಅಂಟಿಕೊಂಡಿತ್ತು. ಅವಳು ಅಳಲಿಲ್ಲ, ನನ್ನ ಮುಖ ನೋಡಿದಳು. ಅಷ್ಟೇ.

ಜೂನ್ ಬಗ್ಗೆ ಕೇಳಿದ್ದೀರಿ. ಇನ್ನೂ ಏನೂ ಗೊತ್ತಾಗಿಲ್ಲ.

ಇಂತಿ ನಿಮ್ಮ ಅಳಿಯ


ಮಾರ್ಚ್ ೧೯

ಅಳಿಯಂದ್ರಿಗೆ ಆಶೀರ್ವಾದ.

ಮಗೂ ಮೈಮೇಲೆ ಪ್ರಯೋಗ ಸಾಕು. ನನ್ನ ಮೈ ಇದೆಯಲ್ಲ, ಅರವತ್ತೆರಡು ವರ್ಷದ್ದು, ಯಾರಿಗೂ ಬೇಕಾಗಿಲ್ಲ. ಅದರ ಮೇಲೆ ಮಾಡ್ತಿದ್ದೀನಿ.

ಹೇಗೆ ಅಂದ್ರೆ, ಹಳೇ ದಿಂಬಿನ ಚೀಲ ಒಂದನ್ನ ಎಂಟು ಚೌಕ ಮಾಡಿ ಕತ್ತರಿಸಿದೆ. ಏಳು ಚೌಕ ಏಳು ಥರದ ಡಿಟರ್ಜೆಂಟಿನಲ್ಲಿ ಒಗೆದೆ, ಎಂಟನೇದು ಬರೀ ನೀರಲ್ಲಿ. ಒಂದಕ್ಕೊಂದು ಕಲಸಿ ಹೋಗಬಾರದಲ್ಲ, ಹಾಗಾಗಿ ಒಂದೊಂದರ ಮೇಲೂ ನಂಬರ್ ಬರೆದೆ. ಹೋಟ್ಲಿನ ಶಾಯಿ ಒಂದು ಬಾಟ್ಲಿ ನನ್ಹತ್ರಾನೇ ಇದೆ. ಎಷ್ಟು ಕುದಿಸಿದ್ರೂ ಜಪ್ಪಯ್ಯ ಅನ್ನಲ್ಲ, ಅಂಥಾ ಶಾಯಿ. ಎಂಟನ್ನೂ ಬನಿಯನ್ ಒಳಗಡೆ ಹೊಲಿದು ಹಾಕ್ಕೊಂಡೆ. ಮೇಲೆ ಅಂಗಿ. ಹೊರಗಿಂದ ನೋಡೋರಿಗೆ ಸಭ್ಯಸ್ಥ, ಒಳಗಡೆ ಅಂಗಡಿ.

ಮೂರನೇ ದಿನ ಕೆರೆತ ಶುರುವಾಯ್ತು. ಭಲೇ, ಕಳ್ಳ ಸಿಕ್ಕಿದ ಅಂತ ಕನ್ನಡಿ ಮುಂದೆ ನಿಂತು ನೋಡ್ತೀನಿ, ಎಂಟೂ ಕಡೆ ಕೆಂಪಗಾಗಿದೆ! ಗರಿ, ಕುರಿಮರಿ, ಕೂಸು, ಎಲ್ಲಾ ಒಂದೇ ಹಾಗೆ. ಬರೀ ನೀರಲ್ಲಿ ಒಗೆದದ್ದೂ ಕೆರೀತಿದೆ. ನೀರಿಗೂ ಕೆರೆಯೋದಾದ್ರೆ ಮನುಷ್ಯ ಯಾವುದರಲ್ಲಿ ಒಗೀಬೇಕು ಸ್ವಾಮಿ? ನಿನ್ನೆ ಬಸ್ಸಿನಲ್ಲಿ ಬೆನ್ನನ್ನ ಸೀಟಿಗೆ ಉಜ್ಜಿಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಎದ್ದು ಹೋಗಿ ಡ್ರೈವರ್ ಹಿಂದೆ ನಿಂತ್ಲು.

ನಂಗೆ ತೋಚೋದು ಇಷ್ಟು: ಈ ಸೂಕ್ಷ್ಮ ಚರ್ಮ ನನ್ನ ಕಡೆಯಿಂದಾನೇ ಮಗೂಗೆ ಹೋಗಿರಬೇಕು. ನಿಮ್ಮ ಕಡೆಯೋರದ್ದು ದಪ್ಪ ಚರ್ಮ, ಅದು ನಂಗೆ ಮೊದಲಿಂದಾನೂ ಗೊತ್ತು.

ಒಂದು ಮಾತು. ಅವಳಿಗೆ ಹಲ್ಲು ಬಂತಾ?

ಇಂತಿ
ಮಾವ


ಏಪ್ರಿಲ್ ೨

ಪೂಜ್ಯ ಮಾವನವರಿಗೆ,

ಕಳ್ಳ ಸಿಕ್ಕಿದ್ದಾನೆ! ಕೂತು ಓದಿ.

ಮೊನ್ನೆ ಭಾನುವಾರ ಬಟಾಣಿ ಮಲಗಿದ್ದಾಗ, ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ನನ್ನ ಭೂತಗನ್ನಡಿ ಹಾಕಿಕೊಂಡು ದದ್ದನ್ನೇ ನೋಡುತ್ತಾ ಕೂತೆ. ಕತ್ತಿನ ಹಿಂದಿನ ದದ್ದು ಹೇಗಂದರೆ ಹಾಗೆ ಹರಡಿರಲಿಲ್ಲ, ದುಂಡಗಿತ್ತು. ಸೊಂಟದ ಮೇಲಿನದೂ ದುಂಡಗೇ ಇತ್ತು. ಆಮೇಲೆ ಬಟ್ಟೆಗಳನ್ನು ತಿರುಗಿಸಿ ನೋಡಿದೆ. ಅಂಗಿಯ ಕತ್ತಿನ ಒಳಗೆ, ಚಡ್ಡಿಯ ಸೊಂಟದ ಒಳಗೆ, ಸರಿಯಾಗಿ ಅದೇ ಜಾಗದಲ್ಲಿ ಆ ಕಂಪನಿಯ ಮುದ್ರೆ ಇದೆ. ಕಪ್ಪು ಬಣ್ಣದ್ದು. ಒಂದು ಸೊನ್ನೆ, ಅದರೊಳಗೆ ಮೂರು ಚುಕ್ಕೆ. ಆ ಮುದ್ರೆಯ ಬಣ್ಣವೇ ಮಗುವಿಗೆ ಆಗುತ್ತಿಲ್ಲ!

ಅಲ್ಲಿಗೆ ನಿಲ್ಲಲಿಲ್ಲ ನಾನು. ಕಪಾಟಿನಲ್ಲಿದ್ದ ನಲವತ್ತಮೂರು ಬಟ್ಟೆಗಳನ್ನೂ ತೆಗೆದು ಹಾಸಿಗೆಯ ಮೇಲೆ ಹರವಿದೆ. ನಲವತ್ತೊಂದರ ಮೇಲೆ ಅದೇ ಸೊನ್ನೆ, ಅದೇ ಮೂರು ಚುಕ್ಕೆ. ಬೇರೆ ಬೇರೆ ಅಂಗಡಿಯಲ್ಲಿ ತಂದವು, ಬೇರೆ ಬೇರೆ ಜನ ಉಡುಗೊರೆ ಕೊಟ್ಟವು, ನನ್ನ ಅಕ್ಕ ಕೈಯಾರೆ ಹೆಣೆದ ಸ್ವೆಟರ್ ಕೂಡ! ಎಂಥಾ ದೈತ್ಯ ಕಂಪನಿ ನೋಡಿ, ನಮ್ಮಕ್ಕನ ಸ್ವೆಟರಿನ ಒಳಗೂ ನುಗ್ಗಿದೆ. ಇದು ಹೇಗೆ ಸಾಧ್ಯ ಎಂದು ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಉಣ್ಣೆ ಮಾರುವವರೇ ಅವರಿರಬೇಕು.

ಆ ಕಂಪನಿಯ ಹೆಸರು ವಿಳಾಸ ಎಲ್ಲೂ ಸಿಗುತ್ತಿಲ್ಲ. ಸಿಕ್ಕ ಕೂಡಲೇ ಒಂದು ಕಾಗದ ಬರೆಯುತ್ತೇನೆ, ಅವರು ಜನ್ಮದಲ್ಲಿ ಮರೆಯಬಾರದು. ನಿಮಗೆ ಬಟ್ಟೆಯವರ ಪರಿಚಯ ಜಾಸ್ತಿ. ಸೊನ್ನೆಯೊಳಗೆ ಮೂರು ಚುಕ್ಕೆ ಯಾರದ್ದು? ವಿಚಾರಿಸಿ ಹೇಳಿ.

ಇದರ ನಡುವೆ ಡಿಟರ್ಜೆಂಟ್ ಪಟ್ಟಿಯನ್ನೂ ಬಿಟ್ಟಿಲ್ಲ. ಯಾವ ಹುತ್ತದಲ್ಲಿ ಯಾವ ಹಾವಿದೆಯೋ ಹೇಳಲಾಗದು. ಸದ್ಯಕ್ಕೆ ಐದನೇ ನಂಬರು.

ಹಲ್ಲು ಬಂದಿದೆ. ಕೆಳಗಿನದು, ಒಂದು. ಅದರಲ್ಲಿ ನನ್ನ ಬೆರಳು ಕಚ್ಚುತ್ತಾಳೆ.

ಇಂತಿ ನಿಮ್ಮ ಅಳಿಯ


ಏಪ್ರಿಲ್ ೯

ಅಳಿಯಂದ್ರಿಗೆ,

ಯಾವ ಕಂಪನಿಗೂ ಕಾಗದ ಬರೀಬೇಡಿ.

ಆ ಗುರುತಿರೋ ಬಟ್ಟೆ ಇನ್ನು ಒಂದು ದಿನಾನೂ ಮಗೂಗೆ ಹಾಕಬೇಡಿ. ಎಲ್ಲಾ ತೆಗೆದಿಡಿ. ಸ್ವೆಟರ್ ಕೂಡ. ಹೊಸದು ತನ್ನಿ, ನನ್ನ ಲೆಕ್ಕದಲ್ಲಿ. ಯಾಕೆ ಅಂತ ಕೇಳಬೇಡಿ, ಲಾಂಡ್ರಿಯೋನ ಮಾತು ಅಂತ ನಂಬಿ.

ನಂಗೆ ಸ್ವಲ್ಪ ಮೈ ಸರಿಯಿಲ್ಲ. ಮತ್ತೆ ಬರೀತೀನಿ.

ಮಾವ


ಏಪ್ರಿಲ್ ೨೪

ಪೂಜ್ಯ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಮೈ ಈಗ ಹೇಗಿದೆ? ಬನಿಯನ್ನಿನೊಳಗಿನ ಅಂಗಡಿ ಮುಚ್ಚಿದಿರಾ?

ಶುಭ ಸಮಾಚಾರ. ಬಟಾಣಿಯ ದದ್ದು ಮಾಯ! ಪಟ್ಟಿಯಲ್ಲಿ ತಿಳಿಗುಲಾಬಿಗಿಂತ ಕೆಳಗೆ ಜಾಗವೇ ಇರಲಿಲ್ಲ, ಹೊಸ ಸಾಲು ಎಳೆದು "ಇಲ್ಲ" ಎಂದು ಬರೆದೆ. ಆ ಎರಡಕ್ಷರದ ಕೆಳಗೆ ಎರಡು ಗೆರೆ ಎಳೆದೆ.

ಈ ವಿಜಯ ಆರನೇ ನಂಬರಿನದು. ಸುಗಂಧ ಸೇರಿಸದ್ದು, ಬಣ್ಣ ಇಲ್ಲದ್ದು, ಡಬ್ಬಿಯ ಮೇಲೆ ಯಾವ ಪ್ರಾಣಿಯ ಚಿತ್ರವೂ ಇಲ್ಲದ್ದು. ಏಪ್ರಿಲ್ ಹನ್ನೆರಡಕ್ಕೆ ಶುರು ಮಾಡಿದೆ, ಹದಿನೆಂಟಕ್ಕೆ ಚರ್ಮ ಬೆಣ್ಣೆಯಂತಾಯಿತು. ಕಂಪನಿಯ ಮುದ್ರೆಯ ಬಗ್ಗೆ ನನ್ನ ಅನುಮಾನ ದುಡುಕಿನದಾಗಿತ್ತು ಎಂದು ಈಗ ಒಪ್ಪುತ್ತೇನೆ. ನೀವು ಕಾಗದ ಬರೆಯಬೇಡಿ ಎಂದು ತಡೆದದ್ದೇ ಒಳ್ಳೆಯದಾಯಿತು, ನಿರಪರಾಧಿಯೊಬ್ಬನನ್ನು ಬಯ್ದುಬಿಡುತ್ತಿದ್ದೆ. ಆ ಹಳೆಯ ಬಟ್ಟೆಗಳೂ ಈಗ ಇಲ್ಲ. ನಿಮ್ಮ ಕಾಗದ ಬಂದ ದಿನವೇ ನಿಮ್ಮ ಮಗಳು "ಎಲ್ಲಾ ಚಿಕ್ಕದಾಗಿದೆ" ಎಂದು ಗಂಟು ಕಟ್ಟಿ ಮೇಲಿಟ್ಟು ಹೊಸದು ತಂದಳು. ಈಗಿನ ಮಕ್ಕಳು ಎಷ್ಟು ಬೇಗ ಬೆಳೆಯುತ್ತವೆ!

ಈಗ ಮುಖ್ಯ ವಿಷಯ. ಮಾವ, ತಪ್ಪು ನಿಮ್ಮ ಕೈಯದಾಗಿರಲಿಲ್ಲ. ನಮ್ಮ ಮನೆಯ ಹಳೆಯ ಪುಡಿಯದಾಗಿತ್ತು, ಅದನ್ನು ತಂದವನು ನಾನು. ಜನವರಿಯಲ್ಲಿ ನಾನು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಬನ್ನಿ. ಜೂನ್ ತನಕ ಕಾಯಬೇಡಿ, ಈಗಲೇ ಬನ್ನಿ. ಆರನೇ ನಂಬರಿನ ಮೂರು ಡಬ್ಬಿ ತಂದಿಟ್ಟಿದ್ದೇನೆ. ಒಗೆಯುವವರಿಲ್ಲ.

ಇಂತಿ ನಿಮ್ಮ ಅಳಿಯ


ಏಪ್ರಿಲ್ ೩೦

ಅಳಿಯಂದ್ರಿಗೆ,

ನಿಮ್ಮ ಕಾಗದ ಬಂದ ದಿನ ಪೆಟ್ಟಿಗೆಗೆ ಬಟ್ಟೆ ತುಂಬಿದೆ. ಮಾರನೇ ದಿನ ತೆಗೆದೆ. ಮತ್ತೆ ತುಂಬಿದೆ. ಈಗ ಪೆಟ್ಟಿಗೆ ಮೇಲೇ ಕೂತು ಇದನ್ನ ಬರೀತಿದ್ದೀನಿ.

ಸುಮ್ನಿದ್ರೆ ನಾಳೆ ಸಾಯಂಕಾಲ ಬಟಾಣಿ ನನ್ನ ತೊಡೆ ಮೇಲಿರ್ತಾಳೆ. ನೀವು ಕೂತ್ಕೊಳ್ಳಿ ಮಾವ ಅಂತೀರಿ, ಆರನೇ ನಂಬರಿನ ಗುಣಗಾನ ಮಾಡ್ತೀರಿ, ನಾನು ಹೌದ್ಹೌದು ಅಂತೀನಿ. ಎರಡು ದಿನ ಹಾಗೇ ಅಂದ್ಕೊಂಡು ಕೂತಿದ್ದೆ. ಎಷ್ಟು ಸುಖವಾಗಿತ್ತು ಗೊತ್ತಾ.

ಸೊನ್ನೆಯೊಳಗೆ ಮೂರು ಚುಕ್ಕೆ ಕಂಪನಿ ಅಲ್ಲ. ನಾನು.

ನವೆಂಬರಿನಲ್ಲಿ ಬಂದೆನಲ್ಲ, ಮೊದಲನೇ ವಾರವೇ ಅವಳ ಬಟ್ಟೆಗೆಲ್ಲ ಅದೇ ಹೋಟ್ಲಿನ ಶಾಯೀಲಿ ಗುರುತು ಹಾಕಿದೆ. ನೀವಿಬ್ರೂ ಹೊರಗೆ ಹೋದಾಗ. ಕದ್ದು ಮಾಡಬೇಕು ಅಂತಲ್ಲ, ಅದೊಂದು ಹೇಳೋ ವಿಷಯ ಅಂತಾನೇ ಅನಿಸಲಿಲ್ಲ. ಗುರುತಿಲ್ಲದ ಬಟ್ಟೆ ನೀರಿಗೆ ಹಾಕೋಕೆ ನನ್ನ ಕೈ ಬರಲ್ಲ. ಮೂವತ್ತೊಂದು ವರ್ಷದಲ್ಲಿ ಹಾಕಿಲ್ಲ. ಹೋಟ್ಲಿನಲ್ಲಿ ಒಂದೊಂದು ರೂಮಿಗೆ ಒಂದೊಂದು ಗುರುತು. ಸೊನ್ನೆಯೊಳಗೆ ಮೂರು ಚುಕ್ಕೆ ಮಾತ್ರ ಮಾಲೀಕರ ಮನೆಯೋರ ಬಟ್ಟೆಗೆ. ಆ ಗುರುತು ಬಂದ್ರೆ ಎಲ್ಲಾ ಮಿಷನ್ ನಿಲ್ಸಿ ಮೊದ್ಲು ಅದನ್ನ ಒಗೀಬೇಕು, ಕೈಯಲ್ಲೇ, ಬೇರೆ ನೀರಲ್ಲಿ. ಬಟಾಣಿಗೆ ಅದನ್ನ ಬಿಟ್ಟು ಬೇರೆ ಹಾಕೋಕೆ ಮನಸ್ಸು ಬರಲಿಲ್ಲ.

ನಿಮ್ಮ ಏಪ್ರಿಲ್ ಎರಡರ ಕಾಗದ ಓದಿದಾಗ ಒಂದು ಕ್ಷಣ ಯಾವ ಕಂಪನಿ ಇರಬಹುದು ಅಂತ ನಾನೂ ಯೋಚಿಸಿದೆ ನೋಡಿ, ಅಂಥಾ ಮಂಕು ನಾನು. ಆಮೇಲೆ ಬನಿಯನ್ ಬಿಚ್ಚಿ ನೋಡಿದೆ. ಎಂಟು ಚೌಕದಲ್ಲೂ ನಂಬರು ಬರೆದ ಜಾಗದಲ್ಲೇ ಕೆಂಪು. ಆದ್ರೂ ಖಾತ್ರಿ ಮಾಡ್ಕೊಳ್ಳೋಣ ಅಂತ ಇನ್ನೊಂದು ಚೌಕ, ಯಾವ ಸೋಪೂ ಕಾಣದ್ದು, ಒಂದೇ ಒಂದು ಚುಕ್ಕೆ ಶಾಯಿ ಹಾಕಿ ತೋಳಿಗೆ ಕಟ್ಕೊಂಡೆ. ಎರಡನೇ ದಿನಕ್ಕೆ ಒಂದು ದುಂಡು ದದ್ದು. ಮೈ ಸರಿಯಿಲ್ಲ ಅಂತ ಬರೆದಿದ್ದು ಸುಳ್ಳಲ್ಲ.

ದದ್ದು ಹೋಗಿದ್ದು ಆರನೇ ನಂಬರಿನಿಂದ ಅಲ್ಲ, ಆ ಬಟ್ಟೆ ಹೋದದ್ದರಿಂದ. ಒಂದರಿಂದ ಆರರ ತನಕ ಎಲ್ಲಾ ಪಾಪ ನಿರಪರಾಧಿಗಳು. ನೀವು ಹೇಳಿದ್ದೇ ಸರಿ, ನಾನು ಅವಳ ಬಟ್ಟೆ ಮುಟ್ಟಬಾರದಾಗಿತ್ತು. ಐದು ತಿಂಗಳು ಆ ಕೂಸು ನನ್ನ ಗುರುತನ್ನ ಮೈಮೇಲೆ ಹೊತ್ಕೊಂಡು ಅತ್ತಿದೆ. ಮೂವತ್ತೊಂದು ವರ್ಷದಲ್ಲಿ ಇನ್ನೆಷ್ಟು ಜನರ ಕತ್ತು ಕೆರೆಸಿದ್ದೀನೋ, ಎಷ್ಟು ಜನ ಅದನ್ನ ಸೆಕೆ ಅಂದ್ಕೊಂಡ್ರೋ.

ಶಾಯಿ ಬಾಟ್ಲಿ ಬಿಸಾಕಿದೆ. ಇನ್ನು ನೀವು ಏನು ಹೇಳ್ತೀರೋ ಹಾಗೆ.

ಮಾವ


ಮೇ ೬

ಅಪ್ಪಾ,

ನಿನ್ನ ಕಾಗದ ಅವರಿಗೆ ಸೋಮವಾರ ಸಿಕ್ಕಿತು. ಓದಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮತ್ತೆ ಓದಿದರು. ಆಮೇಲೆ ಗೋಡೆಯ ಪಟ್ಟಿಯ ಮುಂದೆ ನಿಂತರು. ಎರಡು ದಿನದಿಂದ ತಮ್ಮ ಗಡಿಯಾರದ ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ, ಊಟ ಮಾಡುತ್ತಾರೆ, ಅಷ್ಟೇ. ಏನಾಯ್ತು ಅಂದರೆ "ಗೊತ್ತಾಗ್ತಿಲ್ಲ" ಅನ್ನುತ್ತಾರೆ. ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ಅನ್ನುವುದಕ್ಕೂ ಅವರಿಗೊಂದು ಪಟ್ಟಿ ಬೇಕೇನೋ. ಉತ್ತರ ಬರೆಯಿರಿ ಅಂದೆ. ಬರೆದು ಬರೆದು ಹರಿಯುತ್ತಿದ್ದಾರೆ.

ನಂಗೆ ಗೊತ್ತಿತ್ತು ಅಪ್ಪ. ನಲವತ್ತಮೂರು ಬಟ್ಟೆ ಹಾಸಿಗೆ ಮೇಲೆ ಹರವಿಕೊಂಡು "ಯಾವ ಕಂಪನಿ ಇದು" ಅಂತ ಕೂಗಿದಾಗಲೇ ನೋಡಿದೆ. ನನ್ನ ಸ್ಕೂಲಿನ ಯೂನಿಫಾರ್ಮ್ ಕಾಲರಿನಲ್ಲಿ ಏನಿರ್ತಿತ್ತು ಅಂತ ನಂಗೆ ನೆನಪಿರಲ್ವಾ? ಅವತ್ತೇ ಕತ್ತರಿ ತಗೊಂಡು ಗುರುತುಗಳನ್ನ ಕತ್ತರಿಸಿ, ಹೊಸದು ತರೋ ತನಕ ಬಟಾಣಿಗೆ ತೂತಿನ ಅಂಗಿಯನ್ನೇ ಹಾಕಿದೆ. ಇವರಿಗೆ ಅದು ಕಾಣಲೇ ಇಲ್ಲ. ಗಡಿಯಾರದವರಿಗೆ ಕಾಳಿಗಿಂತ ದೊಡ್ಡದು ಯಾವುದೂ ಕಾಣಲ್ಲ. ನಾನೇ ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ನೀನು ಹೇಳಬೇಕಾದ್ದು ನಾನು ಯಾಕೆ ಹೇಳಲಿ?

ಹೇಳಿದೆಯಲ್ಲ. ಇನ್ನು ಊಟ ಸರಿಯಾಗಿ ಮಾಡು. ತೋಳಿಗೆ ಮುಲಾಮು ಹಚ್ಚಿಕೋ, ಕೆರೀಬೇಡ.

ನಿನ್ನ ಮಗಳು


ಮೇ ೧೭
ಮೆಟ್ಟಿಲ ಮೇಲಿಂದ

ಅಳಿಯಂದ್ರೇ,

ಹದಿನೇಳು ದಿನ ಕಾದೆ. ಉತ್ತರ ಬರಲಿಲ್ಲ. ಬೇಡ ಅಂತಲೂ ಬರಲಿಲ್ಲ. ಬೇಡ ಅನ್ನೋದಿದ್ರೆ ನೀವು ಮೂರು ಹಾಳೆ ಬರೀತಿದ್ರಿ ಅಂತ ಲೆಕ್ಕ ಹಾಕಿ ಬಸ್ ಹತ್ತಿದೆ. ಲೆಕ್ಕ ತಪ್ಪಿದ್ರೂ ತಪ್ಪಿರಬಹುದು. ಈಚೆಗೆ ನನ್ನ ಲೆಕ್ಕ ಯಾವುದೂ ಸರಿಯಾಗ್ತಿಲ್ಲ.

ಈಗ ನಿಮ್ಮ ಬಾಗಿಲ ಹೊರಗೆ ಕೂತಿದ್ದೀನಿ. ಬೆಲ್ ಒತ್ತೋಕೆ ಎರಡು ಸಲ ಕೈ ಎತ್ತಿದೆ. ಒತ್ತಿದ್ರೆ ಮಾತಾಡಬೇಕಾಗುತ್ತೆ, ಮಾತಾಡಿದ್ರೆ ನಾನು ಏನಾದ್ರೂ ಅಂದುಬಿಡ್ತೀನಿ. ಹಾಗಾಗಿ ಇದನ್ನ ಬಾಗಿಲ ಸಂದಿಯಿಂದ ತೂರಿಸ್ತೀನಿ.

ಮೈಮೇಲಿರೋ ಅಂಗಿ ಬಗ್ಗೆ ಹೇಳಿಬಿಡ್ತೀನಿ, ಆಮೇಲೆ ಮುಚ್ಚಿಟ್ಟೆ ಅನ್ನಬಾರದು. ಮಗು ಮುಖ ಒರಗಿಸೋದು ಎತ್ತಿಕೊಂಡೋರ ಹೆಗಲ ಮೇಲಲ್ವಾ? ಅಂಗಿ ಒಗೆಯೋಕೆ ಅಂತ ಮೊನ್ನೆ ಮತ್ತೆ ಅಂಗಡಿಗೆ ಹೋದೆ. ಆರನೇ ನಂಬರು ಯಾವುದು ಅಂತ ನೀವು ಹೆಸರು ಬರೆದಿರಲಿಲ್ಲ. ಪ್ರಾಣಿ ಇಲ್ಲದ ಡಬ್ಬಿ ಮೂರಿದ್ವು. ಮೂರನ್ನೂ ತಂದೆ. ಒಂದರಲ್ಲಿ ಒಗೆದೆ, ಅದು ಅದಲ್ಲವೇನೋ ಅಂತ ಇನ್ನೊಂದರಲ್ಲಿ ಒಗೆದೆ, ಅದೂ ಅಲ್ಲವೇನೋ ಅಂತ ಕೊನೆಗೆ ಆರು ಸಲ ಬರೀ ನೀರಲ್ಲಿ ಜಾಲಿಸಿದೆ. ಕಾಲರಿನಲ್ಲಿ ಏನೂ ಬರೆದಿಲ್ಲ. ಬೇಕಾದ್ರೆ ತಿರುಗಿಸಿ ನೋಡಿ.

ಒಳಗೆ ಯಾರೋ ನಗ್ತಿದ್ದಾರೆ. ಅವಳೇ ಅಲ್ವಾ? ಜನವರಿಯಲ್ಲಿ ಅವಳಿಗೆ ಸದ್ದು ಮಾಡಿ ನಗೋಕೆ ಬರ್ತಿರಲಿಲ್ಲ.

ನಾಲ್ಕೂವರೆಗೆ ವಾಪಸ್ ಬಸ್ಸಿದೆ. ಅಷ್ಟರ ತನಕ ಇಲ್ಲೇ ಇರ್ತೀನಿ.

ಮಾವ


ಅದೇ ದಿನ
ಬಾಗಿಲ ಈಚೆಯಿಂದ

ಮಾವ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮೇಲೆ ಬಟಾಣಿ ಇದ್ದಾಳೆ, ನಿಮ್ಮ ಕಾಗದದ ಒಂದು ಮೂಲೆ ಆಗಲೇ ತಿಂದಿದ್ದಾಳೆ.

ಹದಿನಾಲ್ಕು ಕಾಗದ ಬರೆದು ಹರಿದೆ. ಎಲ್ಲದರಲ್ಲೂ ಮೊದಲನೇ ಸಾಲಿನಲ್ಲಿ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೆ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಮಾಲೀಕರ ಮನೆಯ ಬಟ್ಟೆ ನೆನಪಾಯಿತು. ಮೂರನೇ ಸಾಲು ಹೇಗೆ ಬರೆಯುವುದೆಂದು ಇವತ್ತಿಗೂ ಗೊತ್ತಾಗಿಲ್ಲ.

ಬಾಗಿಲು ಬರೀ ಮುಂದಕ್ಕೆ ಹಾಕಿದೆ. ನನಗೆ ಕೈ ಬಿಡುವಿಲ್ಲ, ನೀವೇ ತಳ್ಳಿ. ಅಂಗಿಯನ್ನು ಯಾವುದರಲ್ಲಿ ಒಗೆದಿರಿ ಎಂದು ಆಮೇಲೆ ವಿಚಾರಿಸುತ್ತೇನೆ. ಮೊದಲು ಇವಳನ್ನು ಎತ್ತಿಕೊಳ್ಳಿ, ನನ್ನ ತೋಳು ಸೋತಿದೆ.

ಅಳಿಯ